ಮಾಹುಲ್‌ಗೆ ಮನೆಗಳು ಬಂದ ದಾರಿ

ಮುಂಬಯಿಯ ಮೊನೊರೈಲು ದಾರಿಯಲ್ಲಿ ‘ಮೈಸೂರ್ ಕಾಲೊನಿ’ ಅನ್ನುವ ಸ್ಟೇಷನ್ ಇದೆ. 2014ರಲ್ಲಿ ವಡಾಲಾ-ಚೆಂಬೂರು ನಡುವೆ ಗಾಡಿ ಓಡತೊಡಗಿದಾಗ ಆ ಬೋರ್ಡು ನೋಡುವುದಕ್ಕೆಂದೇ ಒಂದು ಭಾನುವಾರ ಹತ್ತಿದವರಲ್ಲಿ ನಾನೂ ಒಬ್ಬ. ಪರ ಊರಿನಲ್ಲಿರುವವರಿಗೆ ತಮ್ಮ ಕಡೆಯ ಹೆಸರು ಕಂಡರೆ ಆಗುವ ಖುಷಿ ಅದು, ಬೇರೇನಲ್ಲ. ಆದರೆ ಮೈಸೂರ್ ಕಾಲೊನಿಯ ಪಕ್ಕದ ಸ್ಟೇಷನ್ನಿನ ಹೆಸರು ಭಾರತ್ ಪೆಟ್ರೋಲಿಯಂ. ಅದರಾಚೆಯದು ಫರ್ಟಿಲೈಸರ್ ಟೌನ್‌ಶಿಪ್. ಆ ಹೆಸರುಗಳನ್ನು ಒಟ್ಟಿಗೆ ಓದಿದರೆ ಈ ಭಾಗದ ಎಪ್ಪತ್ತು ವರ್ಷದ ಚರಿತ್ರೆ ಅರ್ಧ ಓದಿದ ಹಾಗೆ. ಕಿಟಕಿಯಾಚೆ ಸಾಲು ಸಾಲು ಎಣ್ಣೆ ಟ್ಯಾಂಕುಗಳು, ಕೊಳವೆಗಳು, ಚಿಮಣಿಗಳು. ಇವುಗಳ ಮಗ್ಗುಲಲ್ಲೇ, ಒಂದು ರಸ್ತೆಯ ಅಂತರದಲ್ಲಿ, ಒತ್ತೊತ್ತಾಗಿ ನಿಂತ 72 ಕಟ್ಟಡಗಳಿವೆ. ಅದು ಮಾಹುಲ್‌ನ ಎವರ್‌ಸ್ಮೈಲ್ ಲೇಔಟ್. ಅದರಲ್ಲಿ 17,205 ಮನೆ.

ಮನೆಗೆ ಬರವಿರುವ ಈ ನಗರದಲ್ಲಿ ಇಷ್ಟೊಂದು ಮನೆಗಳು ಇಲ್ಲೇ ಏಕೆ ಬಂದವು? ಬಂದ ಮೇಲೆ ಅವುಗಳಲ್ಲಿ ಸಾವಿರಾರು ಏಕೆ ಖಾಲಿ ಬಿದ್ದವು? ಇದಕ್ಕೆ ಒಬ್ಬರ ಮೇಲೆ ಬೆರಳು ತೋರಿಸಿ ಉತ್ತರ ಕೊಡುವುದು ಕಷ್ಟ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಚೇರಿಗಳಲ್ಲಿ ಆದ ಮೂರು ತೀರ್ಮಾನಗಳು ಇಲ್ಲಿ ಬಂದು ಕೂಡಿಕೊಂಡಿವೆ.

ಮೊದಲಿಗೆ ಮಾಹುಲ್ ಒಂದು ಕೋಳಿವಾಡಾ, ಮೀನುಗಾರರ ಹಳ್ಳಿ. ಖಾರಿಯ ಕೆಸರು, ಮ್ಯಾಂಗ್ರೋವ್ ಗಿಡಗಳು, ಉಪ್ಪಿನ ಗದ್ದೆ. ಇವತ್ತಿಗೂ ಚಳಿಗಾಲದಲ್ಲಿ ಶಿವಡಿ-ಮಾಹುಲ್ ಕೆಸರಿನ ಬಯಲಿಗೆ ಫ್ಲೆಮಿಂಗೊಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಮೊದಲ ತೀರ್ಮಾನ ಎಣ್ಣೆಯದು. 1951ರಲ್ಲಿ ಇರಾನ್ ದೇಶ ತನ್ನ ಎಣ್ಣೆ ಉದ್ಯಮವನ್ನು ರಾಷ್ಟ್ರೀಕರಣ ಮಾಡಿತು. ಅಬಾದಾನಿನ ದೊಡ್ಡ ರಿಫೈನರಿಯಿಂದ ಎಣ್ಣೆ ಬರುವುದು ನಿಂತಿತು. ಅದೇ ವರ್ಷ ಭಾರತ ಸರಕಾರ ನಮ್ಮ ನೆಲದಲ್ಲೇ ರಿಫೈನರಿ ಕಟ್ಟುವ ಬಗ್ಗೆ ವಿದೇಶಿ ಕಂಪನಿಗಳ ಜತೆ ಒಪ್ಪಂದ ಮಾಡಿಕೊಂಡಿತು. ಹಡಗು ನಿಲ್ಲುವ ಬಂದರು ಹತ್ತಿರ, ಆಗಿನ ಊರು ದೂರ. ಟ್ರಾಂಬೆ-ಮಾಹುಲ್ ದಂಡೆ ಅದಕ್ಕೆ ಹೇಳಿ ಮಾಡಿಸಿದ ಜಾಗವಾಯಿತು. 1954ರಲ್ಲಿ ಸ್ಟ್ಯಾನ್‌ವ್ಯಾಕ್, 1955ರಲ್ಲಿ ಬರ್ಮಾ ಶೆಲ್ ರಿಫೈನರಿಗಳು ಶುರುವಾದವು. ಮುಂದೆ ಮೊದಲನೆಯದು ಎಚ್‌ಪಿಸಿಎಲ್, ಎರಡನೆಯದು ಬಿಪಿಸಿಎಲ್ ಆಯಿತು. 1956ರಲ್ಲಿ ಟಾಟಾ ಕಂಪನಿಯ ವಿದ್ಯುತ್ ಸ್ಥಾವರ, 1965ರಲ್ಲಿ ಗೊಬ್ಬರದ ಕಾರ್ಖಾನೆ, ಬೆಟ್ಟದ ಆಚೆ ಮಗ್ಗುಲಲ್ಲಿ ಅಣುಶಕ್ತಿ ಕೇಂದ್ರ. ಆಮೇಲೆ ರಾಸಾಯನಿಕ ತುಂಬಿಡುವ ಖಾಸಗಿ ಟ್ಯಾಂಕುಗಳು. ಸ್ವತಂತ್ರ ದೇಶ ತನ್ನ ಕಾಲ ಮೇಲೆ ನಿಲ್ಲಬೇಕೆಂದು ಕಟ್ಟಿದ ಕಾರ್ಖಾನೆಗಳು ಇವು. ಆ ಆಸೆಯನ್ನು ನಾನು ಹಗುರ ಮಾಡಲಾರೆ. ಕರಾವಳಿಯಿಂದಲೂ ಬಯಲುಸೀಮೆಯಿಂದಲೂ ಬಂದ ಎಷ್ಟೋ ಕನ್ನಡದ ಮನೆಗಳಲ್ಲಿ ಒಲೆ ಹೊತ್ತಿದ್ದು ಇಂಥ ಕಾರ್ಖಾನೆಗಳ ಸಂಬಳದಿಂದಲೇ. ಆದರೆ ಊರು ದೂರ ಎಂಬ ಮಾತು ಬಹಳ ದಿನ ಉಳಿಯಲಿಲ್ಲ. ಚೆಂಬೂರು ಬೆಳೆಯಿತು, ಗೋವಂಡಿ ಬೆಳೆಯಿತು. ರಾತ್ರಿ ಗಾಳಿಯ ದಿಕ್ಕು ತಿರುಗಿದರೆ ಎದ್ದು ಕಿಟಕಿ ಮುಚ್ಚುವುದು ಈ ಕಡೆಯವರಿಗೆ ರೂಢಿಯಾಯಿತು. ಚೆಂಬೂರಿಗೆ ‘ಗ್ಯಾಸ್ ಚೇಂಬರ್’ ಎಂಬ ಅಡ್ಡಹೆಸರು ಅಂಟಿಕೊಂಡಿತು.

ಎರಡನೆಯ ತೀರ್ಮಾನ ಹುಟ್ಟಿದ್ದು ಕಾಗದದ ಮೇಲೆ. ಇದು ಸ್ವಲ್ಪ ಲೆಕ್ಕಾಚಾರದ ವಿಷಯ. ಆದರೆ ಇದನ್ನು ಬಿಟ್ಟರೆ ಮಾಹುಲ್ ಅರ್ಥವಾಗುವುದಿಲ್ಲ. 1991ರ ಅಭಿವೃದ್ಧಿ ನಿಯಮಗಳು ಮುಂಬಯಿಗೆ ಟಿಡಿಆರ್ ಎಂಬುದನ್ನು ತಂದವು. ಒಂದು ಜಾಗದಲ್ಲಿ ಬಳಸದ ಕಟ್ಟಡದ ಹಕ್ಕನ್ನು ಇನ್ನೊಂದು ಜಾಗಕ್ಕೆ ಒಯ್ಯಬಹುದು, ಮಾರಲೂಬಹುದು. ಝೋಪಡಪಟ್ಟಿ ಪುನರ್ವಸತಿ ಪ್ರಾಧಿಕಾರ ಬಂದ ಮೇಲೆ ಇದು ಬಡವರ ಮನೆಗಳಿಗೂ ತಳುಕು ಹಾಕಿಕೊಂಡಿತು. ರಸ್ತೆ, ನಾಲೆ, ಪೈಪ್‌ಲೈನ್ ಎಂದು ಎಬ್ಬಿಸಿದವರಿಗೆ ಇಲ್ಲಿ ಮರಾಠಿಯಲ್ಲಿ ‘ಪ್ರಕಲ್ಪಗ್ರಸ್ತ’ ಅನ್ನುತ್ತಾರೆ. ಕಚೇರಿಯ ಬಾಯಲ್ಲಿ ಪಿಎಪಿ. ಬಿಲ್ಡರ್ ತನ್ನ ಜಾಗದಲ್ಲಿ ಅವರಿಗಾಗಿ ಮನೆ ಕಟ್ಟಿ ಪುಕ್ಕಟೆ ಒಪ್ಪಿಸಿದರೆ, ಜಾಗಕ್ಕೂ ಕಟ್ಟಿದ್ದಕ್ಕೂ ಪ್ರತಿಯಾಗಿ ಟಿಡಿಆರ್ ಸಿಗುತ್ತಿತ್ತು. ಆ ಹಕ್ಕನ್ನು ಅಳೆಯುತ್ತಿದ್ದದ್ದು ಚದರ ಮೀಟರಿನಲ್ಲಿ. ನೆಲದ ಬೆಲೆ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಉಪನಗರದಲ್ಲಿ ಹುಟ್ಟಿದ ಹಕ್ಕನ್ನು ಅಲ್ಲಿಂದ ಉತ್ತರಕ್ಕಿರುವ, ದುಬಾರಿ ಉಪನಗರಗಳಲ್ಲೂ ಬಳಸಬಹುದಿತ್ತು. ಹೀಗಿರುವಾಗ ಬಡವರ ಮನೆ ಎಲ್ಲಿ ಕಟ್ಟುತ್ತಾರೆ? ನೆಲ ಎಲ್ಲಿ ಅತಿ ಅಗ್ಗವೋ ಅಲ್ಲಿ. ನೆಲ ಎಲ್ಲಿ ಅಗ್ಗ? ಬೇರೆ ಯಾರೂ ಇರಲು ಒಪ್ಪದ ಕಡೆ. ಯಾರೂ ಕುಳಿತು ಕೆಡುಕು ಯೋಚಿಸಬೇಕಾಗಿರಲಿಲ್ಲ, ನಿಯಮದ ಇಳಿಜಾರೇ ಹಾಗಿತ್ತು. ನೀರು ಹರಿದಂತೆ ಮನೆಗಳು ಮಾನಖುರ್ದ್, ಗೋವಂಡಿ, ಮಾಹುಲ್ ಕಡೆಗೆ ಹರಿದವು. ಕಚೇರಿಗೆ ಮನೆಗಳ ಸಂಖ್ಯೆ ಸಿಕ್ಕಿತು. ಅಲ್ಲಿನ ಗಾಳಿ ಎಂಥದ್ದು ಎಂದು ಬರೆಯಲು ಆ ಲೆಕ್ಕದಲ್ಲಿ ಕಾಲಮ್ಮೇ ಇರಲಿಲ್ಲ.

ಮೂರನೆಯದು ನೀರಿನದು. ಮುಂಬಯಿಗೆ ಠಾಣೆ ಜಿಲ್ಲೆಯ ತಾನ್ಸಾ ಕೆರೆಯಿಂದ 1892ರಿಂದಲೂ ನೀರು ಬರುತ್ತಿದೆ. ಆ ದಪ್ಪ ಕಬ್ಬಿಣದ ಕೊಳವೆಗಳು ಮುಲುಂಡ್, ಭಾಂಡುಪ್, ಘಾಟ್‌ಕೋಪರ್, ವಿದ್ಯಾವಿಹಾರ, ಕುರ್ಲಾ ಹಾದು ಬರುತ್ತವೆ. ಅವುಗಳ ಎರಡೂ ಬದಿಗೆ ತಲೆಮಾರುಗಳಿಂದ ಜನ ಗುಡಿಸಲು ಹಾಕಿಕೊಂಡಿದ್ದರು. ತಗಡಿನ ಖೋಲಿ, ಇಟ್ಟಿಗೆಯ ಖೋಲಿ, ಮೇಲೊಂದು ಪೋಟಮಾಳಾ, ಅಂದರೆ ಅಟ್ಟ. ಪೈಪಿನ ಮೇಲೆ ಮಕ್ಕಳ ಓಟ, ಒಣಹಾಕಿದ ಹಪ್ಪಳ. ನೀರಿನ ಭದ್ರತೆಯ ಪ್ರಶ್ನೆ ಎತ್ತಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ಮೇಲೆ ಬಾಂಬೆ ಹೈಕೋರ್ಟ್ 2009ರಲ್ಲಿ ಪೈಪಿನ ಎರಡೂ ಕಡೆ ಹತ್ತು ಹತ್ತು ಮೀಟರ್ ಜಾಗ ತೆರವು ಮಾಡಲು ಹೇಳಿತು. ಕೋಟಿಗೂ ಮಿಕ್ಕಿದ ಜನ ಕುಡಿಯುವ ನೀರು. ಅದಕ್ಕೆ ಕಾವಲು ಬೇಡ ಎಂದು ಯಾರು ಹೇಳಿಯಾರು? 2017ರ ಹೊತ್ತಿಗೆ ತೆರವು ಜೋರಾಯಿತು. ಅದೇ ವರ್ಷ ಪಾಲಿಕೆ ತೆರವಾದ ಪಟ್ಟಿಯಲ್ಲಿ 39 ಕಿಲೋಮೀಟರ್ ಸೈಕಲ್ ದಾರಿ ಮಾಡುವುದಾಗಿಯೂ ಹೇಳಿತು.

ದಾಖಲೆ ಸರಿಯಿದ್ದವರಿಗೆ ಬದಲಿ ಮನೆ ಕೊಡಬೇಕಿತ್ತು. ಪಾಲಿಕೆಯ ಕೈಯಲ್ಲಿ ಸಾಲಾಗಿ ಖಾಲಿ ಇದ್ದ ಮನೆಗಳು ಮಾಹುಲ್‌ನವು. ಹೀಗೆ ನೀರಿನ ಕೊಳವೆಯ ಪಕ್ಕದಿಂದ ಎದ್ದವರು ಎಣ್ಣೆಯ ಕೊಳವೆಯ ಪಕ್ಕಕ್ಕೆ ಬಂದರು. ಸುಮಾರು 5,500 ಕುಟುಂಬಗಳು.

ನಾನು ಅಲ್ಲಿಗೆ ಹೋದದ್ದು ಒಂದು ಬೆಳಿಗ್ಗೆ ಹನ್ನೊಂದಕ್ಕೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು; ಕೆಳಮಹಡಿಯ ಮನೆಯೊಳಗೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. 225 ಚದರ ಅಡಿ: ಒಂದು ಕೋಣೆ, ಅಡುಗೆ ಕಟ್ಟೆ, ಬಚ್ಚಲು. ಕಿಟಕಿ ತೆರೆದರೆ ಎದುರಿಗೆ ಇನ್ನೊಂದು ಕಟ್ಟಡದ ಕಿಟಕಿ. ನಡುವಿನ ಸಂದಿಯಲ್ಲಿ ಕೊಳಚೆಯ ಪೈಪು ಸೋರಿ ಪಾಚಿಗಟ್ಟಿತ್ತು. ಮನೆಯಾಕೆ ಕಿಟಕಿಯ ಸರಳನ್ನು ಒದ್ದೆ ಬಟ್ಟೆಯಲ್ಲಿ ಒಮ್ಮೆ ಎಳೆದು ಆ ಬಟ್ಟೆಯನ್ನು ನನ್ನ ಮುಂದೆ ಹಿಡಿದರು. ಧೂಳಾದರೆ ಉದುರುತ್ತದೆ, ಇದು ಕಪ್ಪು ಜಿಡ್ಡು, ಬೆರಳಿಗೆ ಮೆತ್ತಿಕೊಂಡಿತು. ಹಿಂದಿನ ದಿನವಷ್ಟೇ ಒರೆಸಿದ್ದಂತೆ. ಆಕೆ ಹೆಚ್ಚು ಮಾತಾಡಲಿಲ್ಲ. ಮೂಲೆಯಲ್ಲಿ ಮಗುವಿನ ಉಸಿರಾಟದ ಪಂಪು, ಔಷಧಿಯ ಚೀಟಿಗಳ ಕಟ್ಟು ಇದ್ದವು. ನನಗೆ ಗಂಟಲು ಕೆರೆಯಲು ಅರ್ಧ ತಾಸು ಸಾಕಾಯಿತು. ನಾನು ಎದ್ದು ಹೊರಡಬಲ್ಲವನಾಗಿದ್ದೆ ಎಂಬುದು ಇವತ್ತಿಗೂ ಚುಚ್ಚುತ್ತದೆ.

ಗಾಳಿಯ ವಿಷಯ ಮೊದಲೇ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಮಾಹುಲ್, ಅಂಬಾಪಾಡಾಗಳ ಹಳೆಯ ನಿವಾಸಿಗಳು ಈ ಜನ ಬರುವ ಮೊದಲೇ ಹಸಿರು ನ್ಯಾಯಮಂಡಳಿಗೆ ಹೋಗಿದ್ದರು. ಕೆಇಎಂ ಆಸ್ಪತ್ರೆಯ ವೈದ್ಯರು 2013ರಲ್ಲಿ ಮಾಡಿದ ಸಮೀಕ್ಷೆಯಲ್ಲಿ, ವಿಚಾರಿಸಿದವರ ಪೈಕಿ ಶೇಕಡಾ 67.1 ಜನ ತಿಂಗಳಿಗೆ ಮೂರಕ್ಕಿಂತ ಹೆಚ್ಚು ಸಲ ಉಸಿರಿಗೆ ತೊಂದರೆಯಾಗುತ್ತದೆ ಎಂದಿದ್ದರು; ಶೇಕಡಾ 86.6 ಜನರಿಗೆ ಕಣ್ಣುರಿ. 2015ರ ಡಿಸೆಂಬರಿನಲ್ಲಿ ನ್ಯಾಯಮಂಡಳಿ ಇಲ್ಲಿನ ಗಾಳಿಯಿಂದ ಜನರ ಆರೋಗ್ಯಕ್ಕೆ ಅಪಾಯ ಎದ್ದು ಕಾಣುತ್ತಿದೆ ಎಂದು ತೀರ್ಪು ಕೊಟ್ಟಿತು. ಇನ್ನಷ್ಟು ಜನರನ್ನು ಲಾರಿಗಳಲ್ಲಿ ತಂದು ಇಳಿಸಿದ್ದು ಈ ತೀರ್ಪು ಬಂದ ಮೇಲೆ. ಇಡೀ ಕತೆಯಲ್ಲಿ ನನಗೆ ಕ್ಷಮಿಸಲಾಗದ್ದು ಇದೊಂದೇ. ಉಳಿದದ್ದಕ್ಕೆ ಕಾಲ, ನಿಯಮ, ಅನಿವಾರ್ಯ ಎಂದು ಏನಾದರೂ ಸಮಾಧಾನ ಹೇಳಬಹುದು.

ಗಾಳಿಯೊಂದೇ ಆಗಿದ್ದರೆ ಜನ ಹೇಗೋ ಸಹಿಸುತ್ತಿದ್ದರೇನೋ. ಘಾಟ್‌ಕೋಪರ್, ವಿದ್ಯಾವಿಹಾರದ ಮನೆಗಳಲ್ಲಿ ಪಾತ್ರೆ, ಕಸ ಮಾಡುತ್ತಿದ್ದ ಹೆಂಗಸರಿಗೆ ನಡೆದು ಹೋಗುತ್ತಿದ್ದ ಕೆಲಸ ಈಗ ಎರಡು ಬಸ್ಸಿನ ದೂರವಾಯಿತು. ಬಸ್ ಚಾರ್ಜು ಕೊಟ್ಟರೆ ಸಂಬಳದಲ್ಲಿ ಉಳಿಯುವುದೇನು? ಮಕ್ಕಳ ಶಾಲೆಯ ದಾಖಲೆ ಅಲ್ಲಿ, ಮನೆ ಇಲ್ಲಿ. ದೊಡ್ಡ ಕಾಯಿಲೆಗೆ ಗೋವಂಡಿಯ ಶತಾಬ್ದಿಗೋ ಘಾಟ್‌ಕೋಪರಿನ ರಾಜಾವಾಡಿ ಆಸ್ಪತ್ರೆಗೋ ಓಡಬೇಕು. ಪೈಪಿನ ಪಕ್ಕದ ಖೋಲಿಗೆ ಹಕ್ಕುಪತ್ರವಿಲ್ಲದಿದ್ದರೂ ಸುತ್ತ ಕೆಲಸವಿತ್ತು, ಉದ್ರಿ ಕೊಡುವ ಅಂಗಡಿಯಿತ್ತು, ರಾತ್ರಿ ಬಾಗಿಲು ತಟ್ಟಿದರೆ ಬರುವ ನೆರೆಯವರಿದ್ದರು. ನಗರಗಳಲ್ಲಿ ಬಡವರ ಆಸ್ತಿಯೆಂದರೆ ಬಹಳಮಟ್ಟಿಗೆ ಇವೇ.

2018ರ ಆಗಸ್ಟ್‌ನಲ್ಲಿ ಬಿಪಿಸಿಎಲ್ ರಿಫೈನರಿಯಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿತು; ನಲವತ್ತಕ್ಕೂ ಹೆಚ್ಚು ಜನರಿಗೆ ಗಾಯ. ಎದುರಿನ ಕಟ್ಟಡಗಳ ಜನ ಬೀದಿಗೆ ಓಡಿದರು. ಅದೇ ವರ್ಷದ ಅಕ್ಟೋಬರಿನ ಕೊನೆಗೆ ನೂರಾರು ಮಂದಿ ಮಾಹುಲ್‌ನ ಮನೆಗಳಿಗೆ ಬೀಗ ಹಾಕಿ, ವಿದ್ಯಾವಿಹಾರಕ್ಕೆ ಮರಳಿ, ತಮ್ಮ ಮನೆ ಕೆಡವಿದ್ದ ಪೈಪಿನ ಬಳಿಯ ಫುಟ್‌ಪಾತಿನಲ್ಲೇ ಕೂತರು. ‘ಜೀವನ್ ಬಚಾವೋ ಆಂದೋಲನ’ ಎಂದು ಹೆಸರಿಟ್ಟುಕೊಂಡರು. ಮೇಧಾ ಪಾಟ್ಕರ್ ಮತ್ತು ಘರ್ ಬಚಾವೋ ಘರ್ ಬನಾವೋ ಆಂದೋಲನದವರು ಜತೆ ನಿಂತರು. ಪಕ್ಕಾ ಮನೆಯ ಚಾವಿ ಸೆರಗಿನ ತುದಿಯಲ್ಲಿ, ಮಲಗುವುದು ರಸ್ತೆಯ ಮೇಲೆ. ಮಳೆಗಾಲವನ್ನೂ ಅವರು ಅಲ್ಲಿಯೇ ಕಳೆದರು. ಮಾಹುಲ್‌ಗೆ ಬಂದ ಮೇಲೆ ತೀರಿಕೊಂಡವರ ಪಟ್ಟಿಯನ್ನು ತಾವೇ ಬರೆದಿಟ್ಟಿದ್ದರು. ಅವರ ಲೆಕ್ಕದಲ್ಲಿ ಅದು ನೂರು ದಾಟಿತ್ತು.

ಕೋರ್ಟಿನಲ್ಲಿ ಅವರ ಮಾತು ನಡೆಯಿತು. ಸರಕಾರ ಕೇಳಿದ ಅಧ್ಯಯನದಲ್ಲಿ ಐಐಟಿ ಬಾಂಬೆಯೂ ಜನರನ್ನು ಬೇರೆಡೆಗೆ ಕಳಿಸುವುದೇ ಸರಿ ಎಂದಿತು. 2019ರ ಏಪ್ರಿಲ್‌ನಲ್ಲಿ ಹೈಕೋರ್ಟ್, ಬೇರೆ ಮನೆ ಸಿಗುವ ತನಕ ಪ್ರತಿ ಕುಟುಂಬಕ್ಕೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ, 45,000 ಠೇವಣಿ ಕೊಡಲು ಆದೇಶಿಸಿತು. ಸೆಪ್ಟೆಂಬರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇನ್ನು ಯಾರನ್ನೂ ಮಾಹುಲ್‌ಗೆ ಕಳಿಸಕೂಡದು, ಇರುವವರಿಗೂ ಹೊರಬರಲು ಬಾಡಿಗೆ ಕೊಡಿ ಎಂದಿತು. 2020ರ ಆಗಸ್ಟ್‌ನಲ್ಲಿ ಹಸಿರು ನ್ಯಾಯಮಂಡಳಿ ನಾಲ್ಕು ಕಂಪನಿಗಳ ಮೇಲೆ ಒಟ್ಟು 286 ಕೋಟಿ ರೂಪಾಯಿ ಪರಿಹಾರ ಹೇರಿತು. ಅದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ತೀರ್ಪು ಸಿಕ್ಕಿದಷ್ಟು ಬೇಗ ಮನೆ ಸಿಗಲಿಲ್ಲ. ರಾಜ್ಯದ ಗೃಹನಿರ್ಮಾಣ ಪ್ರಾಧಿಕಾರವಾದ ಮ್ಹಾಡಾ ಕೊಡುವುದಾಗಿ ಹೇಳಿದ್ದು ನಗರದ ಇನ್ನೊಂದು ತುದಿಯ ಗೊರಾಯಿಯಲ್ಲಿ ಸುಮಾರು 300 ಮನೆ. ಕೇಳಿದ ಕುಟುಂಬಗಳು ಐದು ಸಾವಿರದ ಮೇಲಿದ್ದವು.

ಮಾಹುಲ್ ಒಂದೇ ಹೀಗೆ ಎಂದುಕೊಳ್ಳಬೇಡಿ. ಗೋವಂಡಿ, ಮಾನಖುರ್ದ್ ಕಡೆಯ ನಟವರ್ ಪಾರೇಖ್ ಕಂಪೌಂಡ್, ಲಲ್ಲುಭಾಯ್ ಕಂಪೌಂಡ್‌ಗಳಲ್ಲಿ ವೈದ್ಯರು ಅಧ್ಯಯನ ಮಾಡಿ, ಬಿಸಿಲು, ಗಾಳಿ ಸುಳಿಯದಷ್ಟು ಹತ್ತಿರ ಹತ್ತಿರ ಕಟ್ಟಿದ ಕಟ್ಟಡಗಳಿಗೂ ಕ್ಷಯಕ್ಕೂ ಇರುವ ನಂಟನ್ನು ತೋರಿಸಿದ್ದಾರೆ. ಅಲ್ಲೂ ಇದೇ ಇಳಿಜಾರು, ಇದೇ ಲೆಕ್ಕ.

ಇತ್ತ ಎವರ್‌ಸ್ಮೈಲ್‌ನಲ್ಲಿ ಬೀಗ ಹಾಕಿದ ಸಾವಿರಾರು ಬಾಗಿಲುಗಳು ಉಳಿದವು. ಕೆಲವು ಮನೆಗಳಲ್ಲಿ ಕಿಟಕಿ, ನಲ್ಲಿ, ವೈರು ಎಲ್ಲ ಕಿತ್ತುಹೋದವು. ಬೇರೆ ದಾರಿಯಿಲ್ಲದ ಕುಟುಂಬಗಳು ಈಗಲೂ ಅಲ್ಲೇ ಇವೆ. 2025ರಲ್ಲಿ ಪಾಲಿಕೆ ಅಲ್ಲಿನ ಒಂಬತ್ತು ಸಾವಿರಕ್ಕೂ ಹೆಚ್ಚು ಮನೆಗಳನ್ನು ತನ್ನ ಮೂರನೇ, ನಾಲ್ಕನೇ ದರ್ಜೆಯ ನೌಕರರಿಗೆ 12.60 ಲಕ್ಷ ರೂಪಾಯಿಗೆ ಮಾರಲು ಮುಂದಾಯಿತು. ಮುಂಬಯಿಯಲ್ಲಿ ಆ ಬೆಲೆಗೆ ಗ್ಯಾರೇಜು ಸಿಗುವುದೂ ಕಷ್ಟ. ಎರಡು ತಾಸು ಲೋಕಲಿನಲ್ಲಿ ನಿಂತು ವಸಾಯಿ, ಕಲ್ಯಾಣಗಳಿಂದ ಕೆಲಸಕ್ಕೆ ಬರುವ, ಇಡೀ ಆಯುಷ್ಯ ಒಂದು ಸ್ವಂತ ಖೋಲಿಗಾಗಿ ಕೂಡಿಡುವ ಜನ ಈ ನೌಕರರು. ಅರ್ಜಿ ಹಾಕಿದವರು ಕೆಲವೇ ನೂರು ಮಂದಿ.