ನಿಮಗಿದು ಗೊತ್ತೇ? ಚಿಲಿ ಸುತ್ತಲು ಮೊದಲು ಬೇಕಾದ್ದು ಕ್ಯಾಲೆಂಡರ್!

ಮರುಭೂಮಿ, ಹಿಮನದಿ, ನಡುಗಡಲಿನ ಶಿಲಾಮೂರ್ತಿಗಳು. ಮೂರೂ ಒಂದೇ ದೇಶದಲ್ಲಿ, ಒಂದೇ ರಜೆಯಲ್ಲಿ ಬೇಕು ಎನ್ನುವವರಿಗೆ ದಕ್ಷಿಣ ಅಮೆರಿಕದ ಚಿಲಿ ಹೇಳಿ ಮಾಡಿಸಿದ ಜಾಗ. ಆದರೆ ಅಲ್ಲಿ ಒಂದೊಂದು ದಿಕ್ಕಿಗೂ ಒಂದೊಂದು ಋತು, ಒಂದೊಂದು ನಿಯಮ. ಟಿಕೆಟ್ ತೆಗೆಯುವ ಮುನ್ನ ಇವಿಷ್ಟು ತಿಳಿದಿರಲಿ.

ಅಳತೆ, ದಾರಿ, ಗಡಿಯಾರ

● ಚಿಲಿಯ ಉದ್ದ ಸುಮಾರು 4,300 ಕಿ.ಮೀ. ಅಗಲ ಸರಾಸರಿ 180 ಕಿ.ಮೀ. ಮಾತ್ರ. ಬೀದರ್‌ನಿಂದ ಚಾಮರಾಜನಗರದವರೆಗಿನ ನಮ್ಮ ಕರ್ನಾಟಕವನ್ನು ಒಂದರ ಕೆಳಗೊಂದರಂತೆ ಐದು ಸಲ ಜೋಡಿಸಿದರೂ ಆ ಉದ್ದ ತುಂಬುವುದಿಲ್ಲ.

● ಇಷ್ಟು ದೊಡ್ಡ ದೇಶದ ಜನಸಂಖ್ಯೆ ಎರಡು ಕೋಟಿಯೂ ಇಲ್ಲ. ಅದರಲ್ಲೂ ಮೂರನೇ ಒಂದು ಪಾಲಿಗಿಂತ ಹೆಚ್ಚು ಜನ ರಾಜಧಾನಿ ಸ್ಯಾಂಟಿಯಾಗೊ ಸುತ್ತಮುತ್ತಲೇ ಇದ್ದಾರೆ. ಉಳಿದೆಡೆ ಊರಿಂದೂರಿಗೆ ಬಹಳ ದೂರ. ಪೆಟ್ರೋಲ್ ಬಂಕ್ ಕಂಡಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಬೇಕು.

● ಸ್ಯಾಂಟಿಯಾಗೊದಿಂದ ಮರುಭೂಮಿಯ ಕಲಾಮಾ ವಿಮಾನ ನಿಲ್ದಾಣಕ್ಕೆ ಸುಮಾರು ಎರಡು ಗಂಟೆ, ದಕ್ಷಿಣದ ಪುಂಟಾ ಅರೇನಾಸ್‌ಗೆ ಮೂರೂವರೆ ಗಂಟೆ, ಈಸ್ಟರ್ ದ್ವೀಪಕ್ಕೆ ಐದು ಗಂಟೆಯ ಮೇಲೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೊರಟವರು ಸಾಮಾನ್ಯವಾಗಿ ಸ್ಯಾಂಟಿಯಾಗೊಗೆ ಬಂದೇ ವಿಮಾನ ಬದಲಿಸಬೇಕು. ಅಂಥ ಪ್ರತಿ ಬದಲಾವಣೆಗೂ ಪೂರ್ತಿ ಒಂದು ದಿನ ಖರ್ಚು ಬರೆದುಕೊಳ್ಳಿ.

● ಚಿಲಿಯ ನೆಲ ಬಿಡದೆ ಕಾರಿನಲ್ಲಿ ದೇಶದ ದಕ್ಷಿಣ ತುದಿ ತಲುಪಲು ಆಗುವುದಿಲ್ಲ! ಪುಯೆರ್ತೊ ಮೊಂಟ್‌ನಿಂದ ಹೊರಡುವ ‘ಕರೆತೇರಾ ಆಸ್ಟ್ರಾಲ್’ ಹೆದ್ದಾರಿಯ ಕೆಲಸ ಶುರುವಾದದ್ದು 1976ರಲ್ಲಿ. ನಡುನಡುವೆ ಕಾರನ್ನು ದೋಣಿಗೇರಿಸುತ್ತ ಸುಮಾರು 1,240 ಕಿ.ಮೀ. ಸಾಗಿದರೆ ವಿಲ್ಲಾ ಓಹಿಗಿನ್ಸ್ ಎಂಬ ಪುಟ್ಟ ಊರಲ್ಲಿ ರಸ್ತೆಯೇ ಮುಗಿಯುತ್ತದೆ. ಅದರಾಚೆ ಹಿಮದ ಬಯಲು, ಸೀಳುಸೀಳಾದ ಕರಾವಳಿ. ಪುಂಟಾ ಅರೇನಾಸ್‌ಗೆ ರಸ್ತೆಯಲ್ಲೇ ಹೋಗಬೇಕೆಂದರೆ ಅರ್ಜೆಂಟೀನಾ ಹೊಕ್ಕು ಬರಬೇಕು. ಬಾಡಿಗೆ ಕಾರಾದರೆ ಗಡಿ ದಾಟಲು ಕಂಪನಿಯಿಂದ ಪ್ರತ್ಯೇಕ ಅನುಮತಿ ಪತ್ರ ಬೇಕು. ಅದನ್ನು ಕೆಲವು ದಿನ ಮೊದಲೇ ಕೇಳಿಡಬೇಕು.

● ಅಲ್ಲಿನ ಚಳಿಗಾಲದಲ್ಲಿ ಚಿಲಿಯಲ್ಲಿ ಮೂರು ಸಮಯ ನಡೆಯುತ್ತವೆ. ಸ್ಯಾಂಟಿಯಾಗೊದಲ್ಲಿ ಹನ್ನೆರಡಾದಾಗ ಪುಂಟಾ ಅರೇನಾಸ್‌ನಲ್ಲಿ ಒಂದು, ಈಸ್ಟರ್ ದ್ವೀಪದಲ್ಲಿ ಹತ್ತು. ಬೇಸಿಗೆಯಲ್ಲಿ ಸ್ಯಾಂಟಿಯಾಗೊ ಗಡಿಯಾರ ಒಂದು ಗಂಟೆ ಮುಂದೆ ಸರಿದು ದಕ್ಷಿಣದ ಸಮಯಕ್ಕೆ ಸೇರಿಕೊಳ್ಳುತ್ತದೆ. ಆಗ ಭಾರತ ಅವರಿಗಿಂತ ಎಂಟೂವರೆ ಗಂಟೆ ಮುಂದಿರುತ್ತದೆ.

ಉತ್ತರ: ಅಟಕಾಮಾ

● ಧ್ರುವಗಳನ್ನು ಬಿಟ್ಟರೆ ಭೂಮಿಯ ಮೇಲಿನ ಅತಿ ಒಣ ಮರುಭೂಮಿ ಇದು. ಉತ್ತರದ ಅರಿಕಾ ಪಟ್ಟಣದಲ್ಲಿ 1903ರ ಅಕ್ಟೋಬರ್‌ನಿಂದ 1918ರ ಜನವರಿವರೆಗೆ ಒಂದು ಹನಿ ಮಳೆಯೂ ದಾಖಲಾಗಲಿಲ್ಲ. ಮಳೆಯಿಲ್ಲದ ಅವಧಿಯ ವಿಶ್ವದಾಖಲೆ ಇಂದಿಗೂ ಅದೇ.

● ಹಾಗೆಂದು ಕೊಡೆ ಬೇಡ ಎಂದುಕೊಂಡು ಜನವರಿ, ಫೆಬ್ರವರಿಯಲ್ಲಿ ಹೋದವರು ಮೋಸ ಹೋದಾರು. ಆಂಡೀಸ್‌ನ ಎತ್ತರದ ಬಯಲಿಗೆ ಆಗಲೇ ಗುಡುಗು ಸಹಿತ ಮಳೆ. ಕೆಲವೊಮ್ಮೆ ಬೆಟ್ಟದ ದಾರಿಗಳನ್ನೇ ಮುಚ್ಚುತ್ತಾರೆ. ದಕ್ಷಿಣದ ಪೆಟಗೋನಿಯಾಗೆ ಅತ್ಯುತ್ತಮ ಕಾಲವೂ ಇದೇ ಎಂಬುದೇ ಪೇಚು! ಎರಡನ್ನೂ ಸರಿದೂಗಿಸಲು ನವೆಂಬರ್ ಅಥವಾ ಮಾರ್ಚ್ ಕೊನೆ ಒಳ್ಳೆಯದು.

● ಅಟಕಾಮಾಕ್ಕೆ ದಿನ ಗೊತ್ತು ಮಾಡುವಾಗ ಪಂಚಾಂಗವನ್ನೂ ನೋಡಿ. ನಕ್ಷತ್ರ ನೋಡಲು ಜಗತ್ತಿನಲ್ಲೇ ಶ್ರೇಷ್ಠವೆನಿಸಿದ ಆಕಾಶ ಇಲ್ಲಿಯದು. ಹುಣ್ಣಿಮೆ ಹೊತ್ತಿಗೆ ಹೋದರೆ ಬೆಳದಿಂಗಳಲ್ಲಿ ಕ್ಷೀರಪಥವೇ ಮಸುಕು. ಅಮಾವಾಸ್ಯೆಯ ಆಸುಪಾಸಿನ ದಿನಗಳನ್ನು ಇಲ್ಲಿಗೆ ಮೀಸಲಿಟ್ಟು ಉಳಿದ ಊರುಗಳನ್ನು ಹಿಂದೆ ಮುಂದೆ ಜೋಡಿಸಿಕೊಳ್ಳಿ.

● 5,000 ಮೀಟರ್ ಎತ್ತರದ ಚಾಹ್ನಾಂಟೋರ್ ಪ್ರಸ್ಥಭೂಮಿಯಲ್ಲಿ ಆಲ್ಮಾ ರೇಡಿಯೊ ದೂರದರ್ಶಕದ 66 ಆಂಟೆನಾಗಳಿವೆ. ಅಲ್ಲಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. 2,900 ಮೀಟರ್ ಎತ್ತರದ ನಿಯಂತ್ರಣ ಕೇಂದ್ರಕ್ಕೆ ವಾರಾಂತ್ಯದಲ್ಲಿ ಉಚಿತ ಭೇಟಿಯುಂಟು, ಮುಂಚಿತ ನೋಂದಣಿ ಕಡ್ಡಾಯ.

● ಎಲ್ ತಾತಿಯೊ ಬಿಸಿನೀರಿನ ಬುಗ್ಗೆಗಳಿಗೆ ವ್ಯಾನುಗಳು ನಸುಕಿನ ಐದಕ್ಕೂ ಮೊದಲೇ ಹೊರಡುತ್ತವೆ. ಕಾರಣ ಚಳಿ! ಸೊನ್ನೆಗಿಂತ ಕೆಳಗಿನ ಗಾಳಿಯಲ್ಲಿ ಮಾತ್ರ ಹಬೆ ಕಂಬಕಂಬವಾಗಿ ಮೇಲೇಳುವುದು ಕಾಣುತ್ತದೆ. ಬಿಸಿಲೇರಿತೆಂದರೆ ಹಬೆ ಕಣ್ಣಿಗೆ ಬೀಳುವುದೇ ಕಡಿಮೆ. ಸುಮಾರು 4,300 ಮೀಟರ್ ಎತ್ತರವಾದ್ದರಿಂದ ನೀರು ಇಲ್ಲಿ 86 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗೆಂದು ಹತ್ತಿರ ಹೋಗಬೇಡಿ, ಮೈ ಸುಡಲು ಅಷ್ಟು ಬಿಸಿ ಧಾರಾಳ ಸಾಕು.

● ತಂಗುವ ಊರು ಸ್ಯಾನ್ ಪೆದ್ರೊ 2,400 ಮೀಟರ್‌ನಲ್ಲಿದೆ. ಅಲ್ಲಿಗೆ ಬಂದ ಮರುದಿನವೇ ತಾತಿಯೊಗೆ ಹತ್ತಿದರೆ ತಲೆನೋವು, ವಾಕರಿಕೆ ಖಾತ್ರಿ ಎಂದೇ ತಿಳಿಯಿರಿ. ಮೊದಲೆರಡು ದಿನ ‘ಚಂದ್ರ ಕಣಿವೆ’, ಉಪ್ಪಿನ ಬಯಲಿನ ಫ್ಲೆಮಿಂಗೊಗಳಂಥ ತಗ್ಗಿನ ತಾಣಗಳನ್ನು ನೋಡಿ, ಬುಗ್ಗೆಗಳನ್ನು ಕೊನೆಗಿಡಿ.

● ಎತ್ತರದ ಬಾಧೆಗೆಂದು ಅಂಗಡಿಯಲ್ಲಿ ಕೋಕಾ ಎಲೆ ಮಾರುತ್ತಾರೆ, ಚಹಾ ಮಾಡಿಯೂ ಕೊಡುತ್ತಾರೆ. ನೆನಪಿಗೆಂದು ನಾಲ್ಕು ಎಲೆ ಸೂಟ್‌ಕೇಸಿಗೆ ಹಾಕಿಕೊಂಡರೆ ಕಷ್ಟ. ಭಾರತದ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿ ಕೋಕಾ ಎಲೆಯೂ ಇದೆ.

ದಕ್ಷಿಣ: ಪೆಟಗೋನಿಯಾ

● ಪುಂಟಾ ಅರೇನಾಸ್‌ನಲ್ಲಿ ಡಿಸೆಂಬರ್ ಕೊನೆಗೆ ಹಗಲು ಹೆಚ್ಚುಕಡಿಮೆ 17 ಗಂಟೆ. ಜೂನ್‌ನಲ್ಲಿ ಎಂಟು ಗಂಟೆಯೂ ಇಲ್ಲ. ಅದೇ ಹೋಟೆಲ್, ಅದೇ ಎರಡು ದಿನ. ಆದರೂ ಬೇಸಿಗೆಯಲ್ಲಿ ಹೋದವರಿಗೆ ಸುತ್ತಲು ಎರಡರಷ್ಟು ಬೆಳಕು.

● ಟೋರೆಸ್ ದೆಲ್ ಪೈನೆ ಉದ್ಯಾನದಲ್ಲಿ ಬೇಸಿಗೆಯ ಗಾಳಿ ಗಂಟೆಗೆ 100 ಕಿ.ಮೀ. ವೇಗ ದಾಟುವುದುಂಟು. ಅಲ್ಲಿ ಕಾರು ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ: ಮೂತಿ ಗಾಳಿಗೆ ಎದುರಾಗಿರಬೇಕು, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆರೆಯಬೇಕು, ಎದುರುಬದುರು ಬಾಗಿಲುಗಳನ್ನು ಒಟ್ಟಿಗೆ ತೆರೆಯಬಾರದು. ಇಲ್ಲವಾದರೆ ಕೀಲೇ ತಿರುಚಿಕೊಳ್ಳುತ್ತದೆ. ಗಾಳಿಗೆ ಬಾಗಿಲು ಹಾಳಾದರೆ ಬಾಡಿಗೆ ಕಾರಿನ ವಿಮೆ ಅನ್ವಯಿಸುತ್ತದೋ ಇಲ್ಲವೋ ಎಂಬುದನ್ನು ಕೀಲಿ ಪಡೆಯುವಾಗಲೇ ಕೇಳಿಕೊಳ್ಳಿ.

● ಇಲ್ಲಿ ಕಂಡಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ನಾಲ್ಕೈದು ದಿನಗಳ ಪ್ರಸಿದ್ಧ ‘ಡಬ್ಲ್ಯು’ ಚಾರಣಕ್ಕೆ ಪ್ರತಿ ರಾತ್ರಿಯ ಜಾಗವನ್ನೂ ಮೊದಲೇ ಕಾಯ್ದಿರಿಸಬೇಕು. ಹೀಗಾಗಿ ಇಡೀ ಪ್ರವಾಸದಲ್ಲಿ ಮೊದಲು ಖಚಿತಪಡಿಸಿಕೊಳ್ಳಬೇಕಾದದ್ದು ವಿಮಾನವನ್ನಲ್ಲ, ಈ ಟೆಂಟ್ ಜಾಗವನ್ನು!

● ಸೌದೆ ಹಾಕಿ ಬೆಂಕಿ ಕಾಯಿಸುವುದಂತೂ ಪೂರ್ತಿ ನಿಷಿದ್ಧ. 2005ರಲ್ಲಿ ಜೆಕ್ ಪ್ರವಾಸಿಯೊಬ್ಬನ ಪುಟ್ಟ ಸ್ಟೌವ್‌ನಿಂದ ಹೊತ್ತಿದ ಬೆಂಕಿ ಸುಮಾರು 15,000 ಹೆಕ್ಟೇರ್ ನೆಲವನ್ನು ಸುಟ್ಟಿತು. ಬಳಿಕ ಜೆಕ್ ಸರ್ಕಾರವೇ ಅಲ್ಲಿ ಗಿಡ ಬೆಳೆಸಲು ನೆರವು ಕೊಟ್ಟಿತು.

● ಪುಂಟಾ ಅರೇನಾಸ್ ಬಳಿಯ ಮ್ಯಾಗ್ಡಲೀನಾ ದ್ವೀಪದ ಪೆಂಗ್ವಿನ್‌ಗಳಿಗೂ ರಜೆಯಿದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಗೂಡು, ಮರಿ, ಸಂಸಾರ. ಆಮೇಲೆ ಸಮುದ್ರಕ್ಕೆ ಹೊರಟುಬಿಡುತ್ತವೆ.

ಪಶ್ಚಿಮ: ಈಸ್ಟರ್ ದ್ವೀಪ

● ರಾಪಾ ನುಯಿ ಎಂದೂ ಕರೆಯುವ ಈ ದ್ವೀಪ ಚಿಲಿಯ ತೀರದಿಂದ 3,500 ಕಿ.ಮೀ.ಗೂ ದೂರ. ಆದರೂ ಇಲ್ಲಿನ ರನ್‌ವೇ ಮೂರು ಕಿ.ಮೀ.ಗಿಂತ ಉದ್ದ. ಬಾಹ್ಯಾಕಾಶ ನೌಕೆಗಳು ತುರ್ತಾಗಿ ಇಳಿಯಬೇಕಾಗಿ ಬಂದರೆ ಇರಲಿ ಎಂದು 1980ರ ದಶಕದಲ್ಲಿ ನಾಸಾ ಅದನ್ನು ಉದ್ದ ಮಾಡಿಸಿತು. ಯಾವ ನೌಕೆಯೂ ಇಳಿಯಲಿಲ್ಲ. ಲಾಭವಾದದ್ದು ಪ್ರವಾಸಿಗರ ದೊಡ್ಡ ವಿಮಾನಗಳಿಗೆ.

● 1960ರ ಮೇ 22ರಂದು ಚಿಲಿಯ ವಾಲ್ಡಿವಿಯಾ ಬಳಿ 9.5 ತೀವ್ರತೆಯ ಭೂಕಂಪ. ಉಪಕರಣಗಳು ದಾಖಲಿಸಿದ ಭೂಕಂಪಗಳಲ್ಲೇ ಅತಿ ದೊಡ್ಡದು. ಅದರ ಸುನಾಮಿ ಈ ದ್ವೀಪಕ್ಕೂ ಬಂದು, ತೊಂಗಾರಿಕಿಯಲ್ಲಿ ಮೊದಲೇ ಉರುಳಿ ಬಿದ್ದಿದ್ದ ಟನ್‌ಗಟ್ಟಲೆ ತೂಕದ ಮೋವಾಯ್ ಮೂರ್ತಿಗಳನ್ನು ಒಳನಾಡಿಗೆ ಕೊಚ್ಚಿಕೊಂಡು ಹೋಯಿತು. 1990ರ ದಶಕದಲ್ಲಿ ಜಪಾನಿನಿಂದ ಬಂದ ಕ್ರೇನ್ ನೆರವಿನಿಂದ 15 ಮೂರ್ತಿಗಳನ್ನು ಮತ್ತೆ ಸಾಲಾಗಿ ನಿಲ್ಲಿಸಿದರು.

● ಇದು ಚಿಲಿಯದೇ ನೆಲವಾದರೂ ಒಳಬರಲು ಬೇರೆಯೇ ನಿಯಮ. 2018ರಿಂದ ಹೊರಗಿನವರು 30 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಹಿಂದಿರುಗುವ ಟಿಕೆಟ್, ಉಳಿಯುವ ಜಾಗದ ದಾಖಲೆ ತೋರಿಸಬೇಕು. ದ್ವೀಪದ ರಾಷ್ಟ್ರೀಯ ಉದ್ಯಾನದ ಟಿಕೆಟಿನಲ್ಲಿ ಮೂರ್ತಿಗಳನ್ನು ಕಡೆದ ಕಲ್ಲುಗಣಿ ರಾನೊ ರರಾಕುಗೆ ಒಂದೇ ಸಲ ಪ್ರವೇಶ. ಆದ್ದರಿಂದ ಮೋಡವಿಲ್ಲದ ದಿನ ನೋಡಿ ಹೋಗಿ.

ಜೇಬು, ಚೀಲ, ಕಾಗದ

● ಹೋಟೆಲಿನ ಮೆನುವಿನಲ್ಲಿ $8.000 ಎಂದಿದ್ದರೆ ಎದೆ ಹಿಡಿದುಕೊಳ್ಳಬೇಡಿ, ಎಂಟು ಡಾಲರ್ ಎಂದು ಹಿಗ್ಗಲೂಬೇಡಿ. ಅದು ಎಂಟು ಸಾವಿರ ಪೆಸೊ! ಚಿಲಿಯ ಪೆಸೊಗೂ ಅದೇ ಚಿಹ್ನೆ, ಸಾವಿರಕ್ಕೆ ಅಲ್ಪವಿರಾಮದ ಬದಲು ಚುಕ್ಕೆ.

● ವಿದೇಶಿ ಪ್ರವಾಸಿಗರು ಕೊಠಡಿ ಬಾಡಿಗೆಯನ್ನು ಡಾಲರ್‌ನಂಥ ವಿದೇಶಿ ಹಣದಲ್ಲಿ ಕೊಟ್ಟರೆ ಸೌಲಭ್ಯವಿರುವ ಹೋಟೆಲುಗಳಲ್ಲಿ ಶೇ. 19ರ ತೆರಿಗೆ ಮಾಫಿ. ಅದಕ್ಕೆ ಪಾಸ್‌ಪೋರ್ಟ್ ಜೊತೆ ದೇಶದೊಳಗೆ ಬರುವಾಗ ಕೊಟ್ಟ ಪ್ರವೇಶ ಚೀಟಿ ತೋರಿಸಬೇಕು. ಅಂಗೈಯಗಲದ ಆ ಚೀಟಿಯನ್ನು ಬಿಸಾಡಬೇಡಿ.

● ಕರಿಬೇವು, ಹಣ್ಣು, ಬಿತ್ತನೆ ಬೀಜ, ಜೇನು, ಹಾಲಿನ ಪೇಡ ಇವೆಲ್ಲ ಚಿಲಿಯ ಕೃಷಿ ತಪಾಸಣೆಯ ಕಣ್ಣಿಗೆ ಬೀಳುತ್ತವೆ. ಫಾರಂನಲ್ಲಿ ‘ಇದೆ’ ಎಂದು ಬರೆದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ. ‘ಇಲ್ಲ’ ಎಂದು ಬರೆದು ಸಿಕ್ಕಿಬಿದ್ದರೆ ದಂಡ. ಅರ್ಜೆಂಟೀನಾದಿಂದ ಬಸ್ಸಿನಲ್ಲಿ ಮರಳುವಾಗ ಚೀಲದ ತಳದಲ್ಲಿ ಮರೆತ ಸೇಬಿಗೂ ಇದೇ ಲೆಕ್ಕ.

● ಬೆಂಗಳೂರಿನಿಂದ ಚಿಲಿಗೆ ನೇರ ವಿಮಾನವಿಲ್ಲ. ಬ್ರೆಜಿಲ್ ಮೂಲಕ ಹೋಗಿ ಬರುವ ಯೋಚನೆಯಿದ್ದರೆ ಹಳದಿ ಜ್ವರದ ಲಸಿಕೆಯ ಬಗ್ಗೆ ಮೊದಲೇ ವಿಚಾರಿಸಿ. ಆ ಜ್ವರವಿರುವ ದೇಶಗಳಿಂದ ಬರುವವರ ಬಳಿ ಭಾರತದ ವಿಮಾನ ನಿಲ್ದಾಣದಲ್ಲಿ ಲಸಿಕೆ ಪ್ರಮಾಣಪತ್ರ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೂ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ಬಳಿಕವಷ್ಟೇ ಪ್ರಮಾಣಪತ್ರಕ್ಕೆ ಬೆಲೆ.

● ಸೆಪ್ಟೆಂಬರ್ 18 ಮತ್ತು 19 ಚಿಲಿಯ ರಾಷ್ಟ್ರೀಯ ಹಬ್ಬ. ಬಸ್ಸುಗಳೆಲ್ಲ ಭರ್ತಿ, ಅಂಗಡಿಗಳಿಗೆ ಬೀಗ. ಫೆಬ್ರವರಿಯಲ್ಲಿ ಚಿಲಿಯವರೇ ರಜೆಗೆ ಹೊರಡುವುದರಿಂದ ದಕ್ಷಿಣದ ಸರೋವರಗಳ ಊರುಗಳಲ್ಲಿ ಕೊಠಡಿ ಸಿಗುವುದು ಕಷ್ಟ.

● ಕೊನೆಯ ಲೆಕ್ಕ: ಅಟಕಾಮಾಕ್ಕೆ ನಾಲ್ಕು ದಿನ, ಪೆಟಗೋನಿಯಾಗೆ ಗಾಳಿ ಮಳೆಯ ಒಂದು ದಿನ ಸೇರಿಸಿ ಆರು, ದ್ವೀಪಕ್ಕೆ ನಾಲ್ಕು, ನಡುವಿನ ಓಡಾಟಕ್ಕೆ ಮೂರ್ನಾಲ್ಕು. ಅಲ್ಲಿಗೆ ಎರಡೂವರೆ ವಾರ. ಅಷ್ಟು ರಜೆ ಸಿಗದಿದ್ದರೆ ಯಾವುದಾದರೂ ಒಂದನ್ನು ಕೈಬಿಡಿ. ಹತ್ತೇ ದಿನದಲ್ಲಿ ಮೂರನ್ನೂ ಮುಗಿಸಲು ಹೊರಟವರು ಎಲ್ಲಕ್ಕಿಂತ ಚೆನ್ನಾಗಿ ನೋಡಿ ಬರುವುದು ಸ್ಯಾಂಟಿಯಾಗೊ ವಿಮಾನ ನಿಲ್ದಾಣವನ್ನು!