ಅಕಾಲದಲ್ಲಿ ದಣಿಯುವ ಅಂಡಾಶಯ

ಮೂವತ್ತರ ಪ್ರಾಯದಲ್ಲೇ ಮುಟ್ಟು ನಿಂತರೆ? ಬಸಿರಲ್ಲವೆಂದು ತಿಳಿದ ಮೇಲೆ ಹಲವರು ನಿಶ್ಶಕ್ತಿಯೆಂದು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಿರುವುದು ಸಲ್ಲದು. ಏಕೆಂದು ನೋಡೋಣ.

ಹೆಣ್ಣುಮಗು ಹುಟ್ಟುವಾಗ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಈ ಸಂಗ್ರಹ ವರ್ಷ ಕಳೆದಂತೆ ಕರಗುತ್ತ ಹೋಗಿ, ಸಾಮಾನ್ಯವಾಗಿ 45-50ರ ಆಸುಪಾಸಿನಲ್ಲಿ ಋತುಬಂಧವಾಗುತ್ತದೆ. 40 ವರ್ಷಕ್ಕೆ ಮೊದಲೇ ಅಂಡಾಶಯ ಸೋತರೆ ಅದೇ ಅಕಾಲಿಕ ಅಂಡಾಶಯ ವೈಫಲ್ಯ.

ಟರ್ನರ್ ಸಿಂಡ್ರೋಮ್‌ನಂಥ ವರ್ಣತಂತು ದೋಷ, ದೇಹದ ರಕ್ಷಣಾ ವ್ಯವಸ್ಥೆ ಅಂಡಾಶಯದ ಮೇಲೆಯೇ ದಾಳಿ ಮಾಡುವುದು, ಕ್ಯಾನ್ಸರಿಗೆ ನೀಡುವ ಕಿಮೊಥೆರಪಿ ಮತ್ತು ವಿಕಿರಣ, ಅಂಡಾಶಯದ ಶಸ್ತ್ರಚಿಕಿತ್ಸೆ ಇವು ಗೊತ್ತಿರುವ ಕಾರಣಗಳು. ಅನೇಕರಲ್ಲಿ ಕಾರಣ ಸಿಗುವುದೇ ಇಲ್ಲ. ಆದ್ದರಿಂದ ಆಕೆಯನ್ನು ದೂರುವುದರಲ್ಲಿ ಅರ್ಥವಿಲ್ಲ.

ನಾಲ್ಕು ತಿಂಗಳು ಮುಟ್ಟು ಬಾರದಿದ್ದರೆ ವೈದ್ಯರನ್ನು ಕಾಣಿರಿ. ಅಂಡಾಶಯ ಸ್ಪಂದಿಸದಿದ್ದಾಗ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಹಾರ್ಮೋನನ್ನು ಹೆಚ್ಚೆಚ್ಚು ಸ್ರವಿಸುತ್ತದೆ. ರಕ್ತಪರೀಕ್ಷೆಯಲ್ಲಿ ಇದು ಲೀಟರಿಗೆ 25 ಯೂನಿಟ್ ಮೀರಿದ್ದರೆ ಈ ತೊಂದರೆ ಇರುವ ಸಂಭವ ಹೆಚ್ಚು.

ಈಸ್ಟ್ರೊಜೆನ್ ಕೊರತೆಯಿಂದ ಮೂಳೆ ಟೊಳ್ಳಾಗುತ್ತದೆ, ಹೃದ್ರೋಗದ ಅಪಾಯ ಹೆಚ್ಚುತ್ತದೆ. ಅದಕ್ಕಾಗಿ ಸಹಜ ಋತುಬಂಧದ ವಯಸ್ಸಿನವರೆಗೆ ಈಸ್ಟ್ರೊಜೆನ್ ಕೊಡುತ್ತಾರೆ. ಗರ್ಭಕೋಶದ ಒಳಪದರದ ರಕ್ಷಣೆಗೆ ಜೊತೆಯಲ್ಲಿ ಪ್ರೊಜೆಸ್ಟಿರಾನ್. ಹಾರ್ಮೋನೆಂದರೆ ಹೆದರುವವರುಂಟು. ಆದರೆ ಇದು ದೇಹಕ್ಕೆ ಹೊರೆಯಲ್ಲ, ಆ ವಯಸ್ಸಿನಲ್ಲಿ ಇರಬೇಕಾದುದರ ಭರ್ತಿ ಅಷ್ಟೆ. ಸ್ತನ ಕ್ಯಾನ್ಸರ್ ಬಂದಿದ್ದವರಿಗೆ ಮಾತ್ರ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಸುಣ್ಣಾಂಶವಿರುವ ರಾಗಿ, ಹಾಲು, ಜೊತೆಗೆ ದಿನವೂ ನಡಿಗೆ ಮೂಳೆಗೆ ಹಿತ.

ತಾಯ್ತನದ ಆಸೆ ಪೂರ್ತಿ ಮುಗಿಯಿತೆಂದಲ್ಲ. ನೂರರಲ್ಲಿ ಸುಮಾರು ಐದು ಮಂದಿ ತಾವಾಗಿಯೇ ಗರ್ಭ ಧರಿಸುತ್ತಾರೆ. ಉಳಿದವರಿಗೆ ದಾನಿಯ ಅಂಡಾಣು ನೆರವಾಗಬಲ್ಲದು. ಕ್ಯಾನ್ಸರ್ ಚಿಕಿತ್ಸೆ ಪಡೆಯಬೇಕಾದ ತರುಣಿಯರು ಅಂಡಾಣುಗಳನ್ನು ಶೈತ್ಯದಲ್ಲಿ ಕಾದಿಡುವ ಬಗ್ಗೆ ಮೊದಲೇ ವಿಚಾರಿಸುವುದು ಜಾಣತನ.