ದೀರ್ಘವ್ಯಾಧಿಯ ಶುಶ್ರೂಷೆಯೂ ದಾದಿಯರ ನಿರಂತರ ವಿದ್ಯಾಭ್ಯಾಸವೂ

ರೋಗಗಳಲ್ಲಿ ಎರಡು ಬಗೆಯುಂಟು. ಒಂದು, ಅತಿಥಿಯಂತೆ ಬಂದು, ಕೆಲವು ದಿನ ಮನೆಯವರನ್ನು ಗಾಬರಿಗೊಳಿಸಿ, ಹೊರಟುಹೋಗತಕ್ಕದ್ದು. ವಿಷಮಶೀತಜ್ವರವೇ ಮೊದಲಾದುವು ಈ ವರ್ಗಕ್ಕೆ ಸೇರಿದುವು. ಇನ್ನೊಂದು, ಮನೆಯನ್ನು ಹೊಕ್ಕಮೇಲೆ ಮನೆಯವರಲ್ಲಿ ಒಬ್ಬನಾಗಿಯೇ ನಿಂತುಬಿಡತಕ್ಕದ್ದು. ಮಧುಮೇಹ, ರಕ್ತದ ಒತ್ತಡ, ಹೃದಯದೌರ್ಬಲ್ಯ, ಉಬ್ಬಸ, ಪಾರ್ಶ್ವವಾಯು ಇವೆಲ್ಲ ಈ ಎರಡನೆಯ ಬಗೆಯವು. ಇವುಗಳಲ್ಲಿ ಯಾವುದೊಂದನ್ನೂ ಕಾಣದ ಮನೆ ನಮ್ಮ ಕೇರಿಯಲ್ಲಿ ಉಂಟೆಂದು ಹೇಳಬಲ್ಲವರು ಈಗ ವಿರಳ. ೨೦೨೩ನೆಯ ಇಸವಿಯಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ವಿಸ್ತಾರವಾದ ಗಣನೆಯ ಪ್ರಕಾರ, ನಮ್ಮ ದೇಶದಲ್ಲಿ ಮಧುಮೇಹಿಗಳೇ ಸುಮಾರು ೧೦ ಕೋಟಿ. ರಕ್ತದ ಒತ್ತಡವುಳ್ಳವರು ೩೧ ಕೋಟಿಗೂ ಮೇಲ್ಪಟ್ಟು.

ಇಂತಹ ರೋಗಿಯನ್ನು ನೋಡಿಕೊಳ್ಳುವವರು ಯಾರು? ವೈದ್ಯರು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ಕೆಲವು ನಿಮಿಷಗಳ ಮಟ್ಟಿಗೆ ನೋಡುತ್ತಾರೆ. ಉಳಿದ ಕಾಲವೆಲ್ಲ ರೋಗಿಯದೂ ಅವನ ಮನೆಯವರದೂ ಆಗಿರುತ್ತದೆ. ಈ ಎರಡರ ನಡುವೆ ಸೇತುವೆಯಂತೆ ನಿಲ್ಲತಕ್ಕವಳು ದಾದಿ. ವೈದ್ಯರು ಬರೆದುಕೊಟ್ಟದ್ದನ್ನು ಮನೆಯ ಅಡಿಗೆಗೂ, ಹಾಸಿಗೆಗೂ, ನಿತ್ಯದ ನಡವಳಿಕೆಗೂ ಹೊಂದಿಸಿ ಹೇಳಬಲ್ಲವಳು ಅವಳೊಬ್ಬಳೇ. ಆದಕಾರಣ ಅವಳು ಏನನ್ನು ಕಲಿತಿದ್ದಾಳೆ, ಕಲಿತದ್ದನ್ನು ಎಷ್ಟು ವರ್ಷಗಳ ಹಿಂದೆ ಕಲಿತಳು ಎಂಬ ಪ್ರಶ್ನೆ ಆಸ್ಪತ್ರೆಯವರಿಗೆ ಮಾತ್ರ ಸೇರಿದುದಲ್ಲ. ಗೃಹಸ್ಥರಾದ ನಮ್ಮೆಲ್ಲರಿಗೂ ಸೇರಿದುದು.

ದಾದಿಯರ ವಿದ್ಯೆಗೆ ಈ ಕಾಲದ ರೂಪವನ್ನು ಕೊಟ್ಟ ಫ್ಲಾರೆನ್ಸ್ ನೈಟಿಂಗೇಲ್ ಬಾಯಿಯವರು ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಿಕ್ಷಣಶಾಲೆಯನ್ನು ಸ್ಥಾಪಿಸಿದುದು ಎಲ್ಲರಿಗೂ ತಿಳಿದ ಸಂಗತಿ. ಅಷ್ಟಾಗಿ ತಿಳಿಯದ ಸಂಗತಿಗಳು ಎರಡು. ಕ್ರಿಮಿಯಾ ಯುದ್ಧದಿಂದ ಹಿಂದಿರುಗಿದ ಮೇಲೆ, ೧೮೫೭ರಿಂದ ಮುಂದಕ್ಕೆ, ಆಕೆಯೇ ದೀರ್ಘರೋಗಿಯಾಗಿ ಬಹುಕಾಲವನ್ನು ಹಾಸಿಗೆಯ ಮೇಲೆ ಕಳೆದರು. ಮತ್ತು ೧೮೭೨ರಿಂದ ಮೊದಲ್ಗೊಂಡು ಬಹಳ ವರ್ಷಗಳ ಕಾಲ, ತಮ್ಮ ಶಾಲೆಯ ದಾದಿಯರಿಗೆ ಆಗಾಗ ಉಪದೇಶಪತ್ರಗಳನ್ನು ಬರೆಯುತ್ತ ಬಂದರು. ಶಾಲೆಯ ಅವಧಿ ತೀರಿದೊಡನೆ ಕಲಿಕೆ ತೀರಿತೆಂದು ಬಗೆದವಳು ಮುಂದಕ್ಕೆ ಹೋಗದೆ ಹಿಂದಕ್ಕೇ ಜಾರುತ್ತಾಳೆಂಬುದು ಆ ಪತ್ರಗಳ ಸಾರಗಳಲ್ಲೊಂದು. ನಿರಂತರ ವಿದ್ಯಾಭ್ಯಾಸವೆಂಬುದು ಹೊಸಬರು ಹುಟ್ಟಿಸಿದ ಆಡಂಬರವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಒಮ್ಮೆ ಕಲಿತ ವಿದ್ಯೆಯು ಹೇಗೆ ಹಳೆಯದಾಗುತ್ತದೆಂಬುದನ್ನು ಕೆಲವು ಉದಾಹರಣೆಗಳಿಂದ ನೋಡೋಣ. ಹಾಸಿಗೆ ಹಿಡಿದ ರೋಗಿಯ ಬೆನ್ನು, ಸೊಂಟ, ಹಿಮ್ಮಡಿಗಳ ಮೇಲೆ ಚರ್ಮವು ಕೆಂಪಗಾದರೆ ಅಲ್ಲಿ ಸ್ಪಿರಿಟ್ಟನ್ನು ಹಚ್ಚಿ, ಚೆನ್ನಾಗಿ ತಿಕ್ಕಿ, ಪೌಡರನ್ನು ಹಾಕಬೇಕೆಂದು ಹಿಂದಿನ ಕಾಲದಲ್ಲಿ ದಾದಿಯರಿಗೆ ಕಲಿಸುತ್ತಿದ್ದರು. ಮಧ್ಯದಲ್ಲಿ ರಂಧ್ರವುಳ್ಳ ಗಾಳಿದಿಂಬನ್ನು ಕೆಳಗೆ ಇಡುವುದೂ ವಾಡಿಕೆಯಾಗಿತ್ತು. ಈಗ ತಿಳಿದುಬಂದಿರುವುದೇನೆಂದರೆ, ಎಲುಬಿನ ಮೇಲೆ ಕೆಂಪೇರಿದ ಚರ್ಮದ ಒಳಗೆ ಮಾಂಸಕ್ಕೆ ಆಗಲೇ ಪೆಟ್ಟಾಗಿರುತ್ತದೆ. ಅದನ್ನು ತಿಕ್ಕಿದರೆ ಕೇಡು ಹೆಚ್ಚುತ್ತದೆ. ಗಾಳಿದಿಂಬು ಸುತ್ತಲಿನ ರಕ್ತಸಂಚಾರವನ್ನು ತಡೆಯುತ್ತದೆ. ಆ ಜಾಗದ ಮೇಲೆ ಭಾರ ಬೀಳದಂತೆ ರೋಗಿಯನ್ನು ಕಾಲಕಾಲಕ್ಕೆ ಮಗ್ಗುಲು ಬದಲಾಯಿಸುವುದೂ, ಚರ್ಮವನ್ನು ಒದ್ದೆಯಾಗಿ ಬಿಡದಿರುವುದೂ, ಸಾಕಷ್ಟು ಆಹಾರ ಕೊಡುವುದೂ ಸರಿಯಾದ ಮಾರ್ಗ. ಹಾಗೆಯೇ, ಹೃದಯಾಘಾತವಾದವನನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದ ಕಾಲವೊಂದಿತ್ತು. ಈಗ ಅಪಾಯವು ಕಳೆದೊಡನೆ ಮೆಲ್ಲಮೆಲ್ಲನೆ ಎಬ್ಬಿಸಿ ನಡೆದಾಡಿಸುತ್ತಾರೆ. ಮೂತ್ರವನ್ನು ಬೆನೆಡಿಕ್ಟ್ ದ್ರಾವಣದೊಡನೆ ಕಾಯಿಸಿ, ಅದರ ಬಣ್ಣದಿಂದ ಸಕ್ಕರೆಯನ್ನು ಅಂದಾಜು ಮಾಡುತ್ತಿದ್ದ ಕೈಗಳಿಗೆ ಈಗ ಬೆರಳ ತುದಿಯ ಒಂದು ಹನಿ ರಕ್ತವನ್ನು ಅಳೆಯುವ ಪುಟ್ಟ ಯಂತ್ರ ಬಂದಿದೆ. ಹಳೆಯ ದಾದಿಯು ಪ್ರಾಮಾಣಿಕಳೂ ದಯಾವಂತಳೂ ಆಗಿದ್ದು, ಕಲಿತದ್ದನ್ನು ಚಾಚೂ ತಪ್ಪದೆ ಮಾಡಿದರೂ, ಆ ದಯೆಯಿಂದಲೇ ರೋಗಿಗೆ ಹುಣ್ಣಾಗಬಹುದು. ವಿದ್ಯೆಯನ್ನು ಹೊಸದು ಮಾಡಿಕೊಳ್ಳದಿರುವುದರ ಅಪಾಯ ಇಂತಹುದು.

ಇನ್ನು ಮಧುಮೇಹವನ್ನೇ ಸ್ವಲ್ಪ ವಿವರವಾಗಿ ತೆಗೆದುಕೊಳ್ಳೋಣ. ೧೯೨೧ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಕಂಡುಹಿಡಿದರು. ೧೯೨೨ರ ಜನವರಿಯಲ್ಲಿ ಅದನ್ನು ಮೊದಲ ಸಲ ಒಬ್ಬ ಬಾಲಕನಿಗೆ ಕೊಡಲಾಯಿತು. ಆ ದಿನದಿಂದ ಮಧುಮೇಹಿಗಳ ಆಯುಸ್ಸು ಬೆಳೆಯಿತು. ಅದರೊಡನೆ ದಿನದಿನವೂ ಸೂಜಿ ಚುಚ್ಚಿಕೊಂಡು, ತೂಗಿ ಅಳೆದು ತಿನ್ನುವ ಹೊಸದೊಂದು ಬಾಳು ಹುಟ್ಟಿತು. ಅಮೆರಿಕದ ಬಾಸ್ಟನ್ನಿನ ವೈದ್ಯ ಜಾಸ್ಲಿನ್ನರು ಇದನ್ನು ಬೇಗನೆ ಗ್ರಹಿಸಿದರು. ರೋಗಿಗೆ ಮದ್ದು ಕೊಟ್ಟರೆ ಸಾಲದು, ವಿದ್ಯೆ ಕೊಡಬೇಕೆಂದು, ದಾದಿಯರನ್ನು ಅದಕ್ಕಾಗಿಯೇ ತರಬೇತು ಮಾಡಿ ರೋಗಿಗಳಿಗೆ ಕಲಿಸಲು ನಿಯಮಿಸಿದರು.

ನಮ್ಮ ದೇಶದಲ್ಲಿ ಈ ಕಲಿಸುವ ಕೆಲಸಕ್ಕೆ ಇನ್ನೂ ಒಂದು ಕಾರಣವುಂಟು. ಇಲ್ಲಿ ಸೀಸೆಗಳಲ್ಲಿ ಬರುವ ಇನ್ಸುಲಿನ್ ಬಹುಮಟ್ಟಿಗೆ ಒಂದು ಮಿಲಿಲೀಟರಿಗೆ ೪೦ ಮಾನಗಳಷ್ಟು ಬಲವುಳ್ಳದ್ದು. ಲೇಖನಿಯಂತಹ ಸಾಧನಗಳಲ್ಲಿ ಬರುವುದು ೧೦೦ ಮಾನಗಳದ್ದು. ಒಂದೊಂದಕ್ಕೂ ಬೇರೆಬೇರೆ ಪಿಚಕಾರಿಗಳುಂಟು: ೪೦ರದಕ್ಕೆ ಕೆಂಪು ಮುಚ್ಚಳ, ೧೦೦ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ೧೦೦ರ ಮದ್ದನ್ನು ೪೦ರ ಪಿಚಕಾರಿಯಲ್ಲಿ ೨೦ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಸೇರುವುದು ೨೦ ಮಾನಗಳಲ್ಲ, ೫೦. ಎರಡೂವರೆ ಪಟ್ಟು! ಇದನ್ನು ತಿಳಿದ ದಾದಿಯು ರೋಗಿಯ ಚೀಲದಲ್ಲಿರುವ ಸೀಸೆಯನ್ನೂ ಪಿಚಕಾರಿಯನ್ನೂ ಜೊತೆಗಿಟ್ಟು ನೋಡದೆ ಅವನನ್ನು ಮನೆಗೆ ಕಳುಹಿಸಲಾರಳು. ರಕ್ತದ ಸಕ್ಕರೆಯು ೭೦ಕ್ಕಿಂತ ಕೆಳಗಿಳಿದು ಬೆವರು, ನಡುಕ, ಹಸಿವೆ, ಮಂಕು ತೋರಿದಾಗ, ಎಚ್ಚರವಿರುವ ರೋಗಿಗೆ ಸುಮಾರು ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಟ್ಟು, ಕಾಲು ಗಂಟೆಯ ತರುವಾಯ ಮತ್ತೆ ಅಳೆಯಬೇಕೆಂದೂ, ಪ್ರಜ್ಞೆ ತಪ್ಪಿದವನ ಬಾಯಿಗೆ ಏನನ್ನೂ ಸುರಿಯದೆ ಒಡನೆಯೇ ಆಸ್ಪತ್ರೆಗೆ ಸಾಗಿಸಬೇಕೆಂದೂ ಅವಳು ಹೆಂಡತಿಗೂ ಮಕ್ಕಳಿಗೂ ಕಲಿಸುವಳು. ಪಾದಗಳನ್ನಂತೂ ಮರೆಯಳು. ಮಧುಮೇಹದಿಂದ ನರಗಳು ಜಡವಾದ ಪಾದಕ್ಕೆ ಮುಳ್ಳು ಚುಚ್ಚಿದುದೂ, ಬೇಸಗೆಯ ಕಲ್ಲುಚಪ್ಪಡಿ ಸುಟ್ಟುದೂ ತಿಳಿಯದು. ೧೦ ಗ್ರಾಂ ಒತ್ತಿದಾಗ ಬಾಗುವ ಒಂದು ನೈಲಾನ್ ಎಳೆಯಿಂದ ಪಾದವನ್ನು ಮುಟ್ಟಿ ನೋಡಿದರೆ ಸ್ಪರ್ಶಜ್ಞಾನ ಉಳಿದಿದೆಯೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಬೆಲೆಯಲ್ಲಿ ಅತ್ಯಲ್ಪವಾದ ಈ ಎಳೆಯೂ, ಅದನ್ನು ಬಳಸಬಲ್ಲ ದಾದಿಯೂ ಇದ್ದಲ್ಲಿ ಎಷ್ಟೋ ಕಾಲುಗಳು ಉಳಿಯುತ್ತವೆ.

ಆದರೆ ಹೇಳುವುದು ಬೇರೆ, ಕಲಿಸುವುದು ಬೇರೆ. “ತಿಳಿಯಿತೇ?” ಎಂದು ಕೇಳಿದರೆ ನಮ್ಮ ಜನ ಮರ್ಯಾದೆಗಾಗಿಯಾದರೂ “ತಿಳಿಯಿತು” ಎಂದೇ ಹೇಳುವರು. ಅದಕ್ಕೆ ಬದಲಾಗಿ, “ಮನೆಗೆ ಹೋದ ಮೇಲೆ ಇದನ್ನು ಹೇಗೆ ಮಾಡುವಿರಿ, ನನಗೆ ಮಾಡಿ ತೋರಿಸಿ” ಎಂದು ಕೇಳುವುದು ಈಗ ದಾದಿಯರಿಗೆ ಕಲಿಸುವ ಕ್ರಮಗಳಲ್ಲೊಂದು. ರೋಗಿಯು ತಪ್ಪಿದರೆ ತಪ್ಪು ಅವನದಲ್ಲ, ಹೇಳಿದವಳ ವಿವರಣೆ ಸಾಲದಾಯಿತೆಂದು ಭಾವಿಸಿ ಮತ್ತೊಮ್ಮೆ ಹೇಳತಕ್ಕದ್ದು. ಗದರಿಸುವ ನಾಲಿಗೆಗಿಂತ ಕೇಳುವ ಕಿವಿಯು ದೀರ್ಘವ್ಯಾಧಿಯಲ್ಲಿ ಹೆಚ್ಚು ಗುಣಕಾರಿ. ಮದ್ದನ್ನು ಬಿಟ್ಟವನು ಸೋಮಾರಿಯೇ ಆಗಬೇಕೆಂದಿಲ್ಲ. ಕೂಲಿಯ ದಿನ ತಪ್ಪಿಸಿಕೊಳ್ಳಲಾರದವನಾಗಿರಬಹುದು, ಮದ್ದಿನ ಬೆಲೆ ಹೆಚ್ಚಾಗಿರಬಹುದು, ಇಲ್ಲವೇ ಮನಸ್ಸೇ ಕುಂದಿರಬಹುದು.

ಮನೆಯೇ ಆಸ್ಪತ್ರೆಯಾಗಬಲ್ಲದೆಂಬುದನ್ನು ಜಗತ್ತಿಗೆ ತೋರಿಸಿದ ಕೀರ್ತಿಯಲ್ಲಿ ನಮ್ಮ ದೇಶಕ್ಕೂ ಪಾಲುಂಟು. ಕ್ಷಯರೋಗಿಗಳನ್ನು ಆರೋಗ್ಯಧಾಮಗಳಲ್ಲಿ ತಿಂಗಳುಗಟ್ಟಲೆ ಇರಿಸುವುದೇ ಮಾರ್ಗವೆಂದು ನಂಬಿದ್ದ ಕಾಲದಲ್ಲಿ, ಮದರಾಸಿನ ಕ್ಷಯಚಿಕಿತ್ಸಾ ಕೇಂದ್ರದವರು ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಆರೋಗ್ಯಧಾಮದಲ್ಲಿಯೂ ಇನ್ನೊಂದಕ್ಕೆ ಮನೆಯಲ್ಲಿಯೂ ಒಂದೇ ಮದ್ದನ್ನು ಕೊಟ್ಟು ನೋಡಿದರು. ಇಕ್ಕಟ್ಟಾದ ಮನೆ, ಬಡತನದ ಊಟ ಇವುಗಳ ನಡುವೆಯೂ ಮನೆಯ ಚಿಕಿತ್ಸೆಯು ಹೆಚ್ಚುಕಡಮೆ ಅಷ್ಟೇ ಫಲ ಕೊಟ್ಟಿತೆಂದು ೧೯೫೯ರಲ್ಲಿ ಪ್ರಕಟವಾಯಿತು. ಆದರೆ ಅದು ತಾನೇ ಆದುದಲ್ಲ. ಮನೆಮನೆಗೆ ಹೋಗಿ, ಮದ್ದನ್ನು ನುಂಗುತ್ತಿರುವರೋ ಇಲ್ಲವೋ ಎಂದು ವಿಚಾರಿಸಿದವರ ಶ್ರಮ ಅದರ ಹಿಂದೆ ಇತ್ತು. ಅದೇ ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಆರಂಭವಾಗಿ, ಜಿಲ್ಲೆಗಳಿಂದ ಬಂದ ಕಾರ್ಯಕರ್ತರಿಗೆ ತರಬೇತು ಕೊಡತೊಡಗಿತು. ಗುಣವಾಗದ ವ್ಯಾಧಿಯುಳ್ಳವರ ನೋವನ್ನು ತಗ್ಗಿಸುವ ಉಪಶಮನ ಶುಶ್ರೂಷೆಗೂ ಇದೇ ಬಗೆಯ ಪರಿಶ್ರಮ ಬೇಕು. ೧೯೬೭ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ ಧಾಮವನ್ನು ತೆರೆದ ಸಿಸಿಲಿ ಸಾಂಡರ್ಸರು ವೈದ್ಯರಾಗುವ ಮೊದಲು ದಾದಿಯೇ ಆಗಿದ್ದರು. ೧೯೯೩ರಲ್ಲಿ ಕಲ್ಲಿಕೋಟೆಯಲ್ಲಿಯೂ, ಆ ದಶಕದ ಕೊನೆಗೆ ಬೆಂಗಳೂರಿನ ಕರುಣಾಶ್ರಯದಲ್ಲಿಯೂ ಈ ಕಾರ್ಯವು ನೆಲೆಗೊಂಡಿತು.

ನಮ್ಮ ದಾದಿಯರಿಗೆ ಕಲಿಯುವ ಹಂಬಲ ಹೊಸದಲ್ಲ. ತರಬೇತಾದ ದಾದಿಯರ ಸಂಘವು ೧೯೦೮ರಲ್ಲಿಯೇ ಹುಟ್ಟಿತು. ಅವರ ಪತ್ರಿಕೆಯು ೧೯೧೦ರಿಂದ ಹೊರಡುತ್ತಿದೆ. ೧೯೪೭ರ ಶಾಸನದಿಂದ ಏರ್ಪಟ್ಟ ಭಾರತೀಯ ಶುಶ್ರೂಷಾ ಪರಿಷತ್ತು, ಐದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸುವ ದಾದಿಯು ಆ ಅವಧಿಯಲ್ಲಿ ೧೫೦ ಗಂಟೆಗಳ ಮುಂದುವರಿದ ಶಿಕ್ಷಣವನ್ನು ಪಡೆದಿರಬೇಕೆಂಬ ನಿಯಮವನ್ನು ರೂಪಿಸಿತು. ೨೦೧೮ರಿಂದೀಚೆಗೆ, ಗ್ರಾಮಗಳ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿಗಳೆಂಬ ಹೆಸರಿನಿಂದ ಬಹುಮಂದಿ ದಾದಿಯರು ನಿಯಮಿತರಾಗಿದ್ದಾರೆ. ಮೂವತ್ತು ವರ್ಷ ದಾಟಿದವರ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ನೋಡುವುದು ಅವರ ಕರ್ತವ್ಯಗಳಲ್ಲೊಂದು.

ಆದರೂ ನಿಯಮವಿದ್ದ ಮಾತ್ರಕ್ಕೆ ವಿದ್ಯೆ ಬಂದಿತೆಂದಲ್ಲ. ಕೆಲಸದ ಭಾರದಿಂದ ಬಳಲಿದ ದಾದಿಯು ರಜೆ ದೊರೆತರಲ್ಲವೆ ಪಾಠಕ್ಕೆ ಹೋಗುವುದು! ಹೋದರೂ, ದೊಡ್ಡ ಸಭಾಂಗಣದಲ್ಲಿ ನೂರಾರು ಜನರ ನಡುವೆ ಕುಳಿತು, ಉಪನ್ಯಾಸ ಕೇಳಿ, ಪ್ರಮಾಣಪತ್ರವನ್ನು ಹಿಡಿದು ಬಂದರೆ ಗಂಟೆಗಳು ಲೆಕ್ಕಕ್ಕೆ ಸೇರುವುವೇ ಹೊರತು ಕೈಗೆ ಕುಶಲತೆ ಬಾರದು. ರಕ್ತದ ಒತ್ತಡವನ್ನು ಅಳೆಯುವುದರಂತಹ ಸುಲಭ ಕೆಲಸವನ್ನೇ ನೋಡಿರಿ. ರೋಗಿಯು ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬೆನ್ನಿಗೆ ಆಸರೆ, ಪಾದಗಳು ನೆಲದ ಮೇಲೆ, ತೋಳು ಹೃದಯದ ಮಟ್ಟದಲ್ಲಿ, ಪಟ್ಟಿಯು ತೋಳಿಗೆ ತಕ್ಕ ಅಗಲ, ಅಳೆಯುವಾಗ ಮಾತಿಲ್ಲ. ಇಷ್ಟನ್ನು ಪುಸ್ತಕದಿಂದ ಓದುವುದಕ್ಕೆ ಒಂದು ನಿಮಿಷ ಸಾಕು. ನೂಕುನುಗ್ಗಲಿನ ಹೊರರೋಗಿ ವಿಭಾಗದಲ್ಲಿ ಅಭ್ಯಾಸಕ್ಕೆ ತರಬೇಕಾದರೆ ಜೊತೆಯಲ್ಲಿ ನಿಂತು ತಿದ್ದುವ ಹಿರಿಯಳೊಬ್ಬಳು ಬೇಕು. ಆದುದರಿಂದ ಪಾಠವು ರೋಗಿಯ ಹಾಸಿಗೆಯ ಪಕ್ಕದಲ್ಲಿ, ಸಣ್ಣ ಸಣ್ಣ ಗುಂಪುಗಳಿಗೆ, ಕನ್ನಡದಲ್ಲಿ, ಕೆಲಸದ ವೇಳೆಯ ಒಂದು ಭಾಗವಾಗಿಯೇ ನಡೆಯತಕ್ಕದ್ದು. ಅದಕ್ಕೆ ತಗಲುವ ಕಾಲವನ್ನು ಆಸ್ಪತ್ರೆಯು ನಷ್ಟವೆಂದು ಬಗೆಯಬಾರದು.

ಗೃಹಸ್ಥರಾದ ನಾವು ಮಾಡತಕ್ಕದ್ದೂ ಉಂಟು. ಮನೆಯಲ್ಲಿ ದೀರ್ಘರೋಗಿಯಿದ್ದಾಗ, ವೈದ್ಯರ ಕೊಠಡಿಯಿಂದ ಹೊರಬಿದ್ದೊಡನೆ ಗಾಡಿ ಹತ್ತದೆ, ದಾದಿಯ ಬಳಿ ಹತ್ತು ನಿಮಿಷ ಕುಳಿತು ಕೇಳಬೇಕು. ಅಡಿಗೆ ಮಾಡುವವರನ್ನೂ ಸೂಜಿ ಚುಚ್ಚುವವರನ್ನೂ ಜೊತೆಗೆ ಕರೆದೊಯ್ಯಬೇಕು. “ಹಿಂದಿನ ಸಲ ಬೇರೆ ದಾದಿ ಬೇರೆ ಬಗೆಯಾಗಿ ಹೇಳಿದ್ದಳಲ್ಲ” ಎಂದು ಹಂಗಿಸದೆ, ಕಾರಣವನ್ನು ವಿನಯದಿಂದ ವಿಚಾರಿಸಬೇಕು. ಆಸ್ಪತ್ರೆಗಳ ಆಡಳಿತಸಮಿತಿಗಳಲ್ಲಿರುವ ಮಹನೀಯರು ಹೊಸ ಕಟ್ಟಡಕ್ಕೆ ಚಂದಾ ಎತ್ತುವಾಗ, ದಾದಿಯರ ಕಲಿಕೆಗೆಂದು ಅದರಲ್ಲೊಂದು ಪಾಲನ್ನು ಮೀಸಲಿಟ್ಟರೆ, ಗೋಡೆಗಳಿಗಿಂತ ಹೆಚ್ಚು ಕಾಲ ಬಾಳುವ ಕೆಲಸವಾದೀತು. ಮಗಳು ದಾದಿಯ ವೃತ್ತಿಗೆ ಹೋಗುವೆನೆಂದಾಗ ಮುಖ ಸಿಂಡರಿಸುವ ತಂದೆತಾಯಿಗಳು ನಮ್ಮಲ್ಲಿ ಇನ್ನೂ ಇದ್ದಾರೆ; ನಾಳೆ ತಮ್ಮ ಪಾದವನ್ನು ಪರೀಕ್ಷಿಸಿ ಉಳಿಸುವವಳು ಬೇರೊಬ್ಬರ ಅಂತಹ ಮಗಳೇ ಎಂಬುದನ್ನು ಅವರು ನೆನೆಯಲಿ.

ಗುಣಪಡಿಸಲಾಗದ ವ್ಯಾಧಿಗಳುಂಟು, ಆದರೆ ಚೆನ್ನಾಗಿ ನೋಡಿಕೊಳ್ಳಲಾಗದ ವ್ಯಾಧಿಯಿಲ್ಲ. ನೋಡಿಕೊಳ್ಳುವ ವಿದ್ಯೆಯು ಪ್ರತಿವರ್ಷವೂ ಬೆಳೆಯುತ್ತಿರುವಾಗ, ಅದನ್ನು ದಾದಿಯ ಕೈಗೂ ಅವಳ ಮೂಲಕ ನಮ್ಮ ಮನೆಗೂ ಮುಟ್ಟಿಸುವುದು ಸಮಾಜದ ಹೊಣೆ.